ಬೈಯದವನಿಗೆ ಹೊಡೆಯುವುದು ಹೇಗೆ

ಕೊಪ್ಪಕ್ಕೆ ಆಗಷ್ಟೇ ಮೊಬೈಲ್ ಬಂದಿದ್ದ ಕಾಲ. ನನ್ನ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರ ಜೊತೆ ಹೊಡೆದಾಡಿ ಅಮ್ಮನನ್ನು ಪೊಲೀಸ್ ಠಾಣೆಗೆ ಅಲೆದಾಡಿಸುತ್ತಿದ್ದ. ಕೊನೆಗೆ ಅವನ ಕಾಲೇಜಿನ ಪಿ.ಟಿ. ಮೇಷ್ಟ್ರು ಬಾಕ್ಸಿಂಗ್ ಕಲಿಸತೊಡಗಿದರು. ಮೊದಲ ಪಂದ್ಯದಲ್ಲಿ ಅಣ್ಣ ಒಂದೂ ಏಟು ಕೊಡದೆ ಸೋತ. ಮೇಷ್ಟ್ರು ಕಾರಣ ಕೇಳಿದರೆ, “ಅವನು ನಂಗೆ ಎಂತದೂ ಬೈಲಿಲ್ಲ ಸರ್. ಸುಮ್ನೆ ಹ್ಯಾಗೆ ಹೊಡೆಯೋದು?” ಎಂದ.

ಸಿಟ್ಟಿಲ್ಲದೆ ಹೊಡೆಯುವುದನ್ನು ಅವನು ನಿಧಾನಕ್ಕೆ ಕಲಿತ. ಜಿಲ್ಲಾ ಪಂದ್ಯ ಗೆದ್ದ ದಿನ ನಾವಿಬ್ಬರೂ ಮನೆಗೆ ಬರುವಾಗ, ಬಸ್ಸಿನಲ್ಲಿ ಸೀಟಿಗಾಗಿ ಒಬ್ಬ ಅವನ ಕೊರಳಪಟ್ಟಿ ಹಿಡಿದ. ನಾನು ಕಣ್ಣು ಮುಚ್ಚಿಕೊಂಡೆ.

“ನೀನೇ ಕೂತ್ಕೋ ಮಾರಾಯ. ನಂಗೆ ಇವತ್ತು ಹೊಡೆದು ಸಾಕಾಗಿದೆ” ಎಂದು ಅಣ್ಣ ಎದ್ದು ನಿಂತ.

ಮನೆಯಲ್ಲಿ ಇದನ್ನು ಹೇಳಿದಾಗ, ಅಮ್ಮ ಮೊದಲು ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.