ಕಲಿತು ಬಂದದ್ದು

ಧಾರವಾಡದ ನಮ್ಮ ಓಣಿಯ ಹದಿನೈದಿಪ್ಪತ್ತು ಮಕ್ಕಳನ್ನು ಭೂಮಿಗೆ ಇಳಿಸಿಕೊಂಡವಳು ಆ ಸೂಲಗಿತ್ತಿ. ಅವರಲ್ಲಿ ನಾನೂ ಒಬ್ಬಳು. ಹೆರಿಗೆಯ ಹೊತ್ತಿಗೆ ಅವಳು ಒಳಕೋಣೆಯವರೆಗೂ ಬರಬಹುದಿತ್ತು. ಪುರುಡು ಕಳೆದ ಮೇಲೆ ಮನೆಯವರಿಗೆ ಅವಳ ಜಾತಿ ನೆನಪಾಗುತ್ತಿತ್ತು. ಆಮೇಲೆ ಅಂಗಳದ ಕಟ್ಟೆಯೇ ಅವಳ ಗಡಿ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕೂಸು ಹುಟ್ಟಿದೊಡನೆ ಅದರ ಮುಷ್ಟಿಗೆ ತನ್ನ ತೋರುಬೆರಳು ಕೊಡುವುದು ಅವಳ ರೂಢಿ. ಕೂಸು ಬೆರಳು ಹಿಡಿದರೂ, ಸೀನಿದರೂ, ಮೊಲೆ ಹುಡುಕಿದರೂ ಅವಳದೊಂದೇ ಮಾತು: "ಇದನ್ನ ಕಲ್ತೇ ಬಂದೈತ್ರಿ."

ಎರಡನೇ ಮಹಾಯುದ್ಧ ಶುರುವಾದ ವರ್ಷ ನನಗೆ ಆರು ತುಂಬಿತ್ತು. ದಸರೆಯ ಸೀರೆಗೆಂದು ಬಂದ ಸೂಲಗಿತ್ತಿ ನನ್ನನ್ನು ಕಂಡು, ಅದೇ ಬೆರಳು ಚಾಚಿದಳು. ನಾನು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡು, "ಮುಟ್ಟಬ್ಯಾಡ, ಮೈಲಿಗಿ ಆಗ್ತದ," ಎಂದೆ.

ಅಜ್ಜಿ ಹಿಗ್ಗಿದಳು. "ನೋಡಿದೇನ? ಯಾರೂ ಹೇಳಿಕೊಟ್ಟಿಲ್ಲ. ಸರಿ-ತಪ್ಪು ತಾನ ತಿಳಕೊಂಡಾಳ. ಹುಟ್ಟಾ ಶ್ಯಾಣ್ಯಾಕಿ!"

ಸೂಲಗಿತ್ತಿ ಬೆರಳು ಮಡಚಿಕೊಂಡಳು. ಸಿಟ್ಟೇನೂ ಇರಲಿಲ್ಲ. ಜಾತಕ ಬರೆಸುವಾಗ ಹುಟ್ಟಿದ ಹೊತ್ತನ್ನು ತಪ್ಪು ಹೇಳಿದವರನ್ನು ತಿದ್ದುತ್ತಿದ್ದಳಲ್ಲ, ಅದೇ ದನಿಯಲ್ಲಿ ಅಂದಳು:

"ಇದನ್ನ ಕಲ್ತ ಬಂದಿರ್ಲಿಲ್ರವ್ವಾ. ಹುಟ್ಟಿದ ದಿನಾ ನನ್ನ ಬೆರಳ ಹಿಡದಾಕಿ ಬಿಡಾಕ ತಯಾರ ಇರ್ಲಿಲ್ಲ."

ಅಜ್ಜಿ ಎಂದಿನಂತೆ ಸೀರೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಸೂಲಗಿತ್ತಿ ಅದನ್ನೆತ್ತಿಕೊಂಡು ಓಣಿ ದಾಟಿದ ಮೇಲೂ ನನ್ನ ಕೈ ಬೆನ್ನ ಹಿಂದೆಯೇ ಇತ್ತು.