ಗೊಂಬೆ ಮೆಟ್ಟಿಲ ಮೇಲಿನ ಮಂತ್ರಿ

ಗರ್‌ರ್... ನಡುವೆ ಒಂದು ಕ್ಷಣ ತಡೆದು, ಮತ್ತೆ ಗರ್‌ರ್. ಪಕ್ಕದ ಮನೆ ಟೀಚರ್ ಗ್ಯಾರೇಜ್ ಬಾಗಿಲು ಮೇಲೇಳುತ್ತಿದ್ದ ಸದ್ದು ಅದು. ಈಗ ಆ ಮನೆಗೆ ಹೊಸಬರು ಬಂದಿದ್ದಾರೆ, ಬಾಗಿಲೂ ಹೊಸದು, ಸದ್ದಿಲ್ಲ. ಆದರೆ ಮೊನ್ನೆ ಎದುರು ಮನೆಯ ಹಳೇ ಬಾಗಿಲು ಹಾಗೇ ನಡುವೆ ತಡೆದು ಗರಗುಟ್ಟಿತು ನೋಡಿ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ಈ ವಯಸ್ಸಿನಲ್ಲೂ ಅದೇ ಹೆದರಿಕೆ.

ಮೈಸೂರಿನಿಂದ ಅಮೆರಿಕದ ಮಾನ್ಮತ್ ಜಂಕ್ಷನ್ನಿಗೆ ನಾವು ಬಂದ ಹೊಸತು. ನಮ್ಮೆಜಮಾನ್ರು ದಿನಾ ಪಾರ್ಸಿಪನಿಯ ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದರು. ವೀಸಾ, ಗ್ರೀನ್ ಕಾರ್ಡ್ ಎರಡೂ ಕಂಪನಿ ಓನರ್ ಕೈಯಲ್ಲಿ. ಓನರೂ ನಮ್ಮ ಕಡೆಯವರೇ. ಪಕ್ಕದ ಮನೆಯವರು ರಿಟೈರ್ಡ್ ಹಿಸ್ಟರಿ ಟೀಚರ್, ಅಮೆರಿಕದವರು. ಅವರ ಹುಟ್ಟೂರಿನಲ್ಲಿ ಹಿಂದೆ ಒಬ್ಬ ಮಂತ್ರಿ ಇದ್ದರಂತೆ, ಇಲ್ಲಿನ ಅಂತರ್ಯುದ್ಧದ ಕಾಲದವರು, ಗುಲಾಮಗಿರಿಯನ್ನು ಕಂಡರಾಗದವರು. ಬೇಲಿ ಪಕ್ಕ ನಿಂತರೆ ಅವರದೇ ಮಾತು. ನಮ್ಮ ಕಾನ್ವೆಂಟ್ ಸಿಸ್ಟರ್‌ಗಳು ಇಂಗ್ಲೆಂಡಿನ ರಾಜರನ್ನಷ್ಟೇ ಬಾಯಿಪಾಠ ಮಾಡಿಸಿದ್ದರು, ನನಗೆ ಇದೆಲ್ಲ ಹೊಸದು. ಹೆಸರು ನಾಲಿಗೆಗೆ ಹೊರಳದೆ ಸುಮ್ಮನೆ ಮಂತ್ರಿಗಳು ಎನ್ನುತ್ತಿದ್ದೆ.

ಒಮ್ಮೆ ಓನರ್ ಮನೆಗೆ ಊಟಕ್ಕೆ ಹೋಗಿದ್ದೆವು. ಹಾಸನದ ಕಡೆಯಿಂದ ಕರೆಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ಅಡುಗೆಗಿದ್ದಳು. ಕೈ ತೊಳೆಯಲು ಹೋದಾಗ ನಲ್ಲಿ ಜೋರಾಗಿ ಬಿಟ್ಟು ಪಿಸುಗುಟ್ಟಿದಳು. “ಅಕ್ಕಾ, ಪಾಸ್‌ಪೋರ್ಟ್ ಕಿತ್ತಿಟ್ಕೊಂಡವ್ರೆ. ಬಾಗ್ಲಾಚೆಗೂ ಬುಡಲ್ಲ. ಊರಿಗೋಗ್ಬೇಕು ಅಕ್ಕಾ.”

ಟೀಚರ್‌ಗೆ ಹೇಳಿದೆ. ಹೇಗಾದರೂ ಒಂದು ಸಲ ನಿನ್ನ ಮನೆಗೆ ಕರೆಸು, ವಕೀಲರನ್ನು ನಾನು ನೋಡಿಕೊಳ್ಳುತ್ತೇನೆ ಅಂದರು.

ದಸರಾ ಬಂತು. ನಾನು ಗೊಂಬೆ ಕೂರಿಸಿದೆ. ಟೀಚರ್ ಮರದ ಬಟ್ಟೆ ಕ್ಲಿಪ್ಪುಗಳಿಗೆ ಕರೀ ಕೋಟು ಹೊಲಿದು, ಮೂರು ಮೆಟ್ಟಿಲ ಮೇಲೆ ಮಂತ್ರಿಗಳ ಜೀವನವನ್ನೇ ಜೋಡಿಸಿದರು. ನಾನು ಓನರ್ ಹೆಂಡತಿಗೆ ಫೋನ್ ಮಾಡಿದೆ. “ಅರಿಶಿನ ಕುಂಕುಮಕ್ಕೆ ಬನ್ನಿ ಮೇಡಂ. ಮನೇಲಿರೋ ಹೆಂಗಸರೆಲ್ಲ ಬರ್ಬೇಕು, ಒಬ್ಬರನ್ನೂ ಬಿಡೋಹಾಗಿಲ್ಲ. ನಮ್ಮತ್ತೆ ಮಾಡಿದ ಶಾಸ್ತ್ರ.”

“ಅವಳೂನಾ?”

“ಮುತ್ತೈದೆ ಅಲ್ವಾ ಮೇಡಂ...”

ಕುಂಕುಮಕ್ಕೆ ಕರೆದರೆ ಬೇಡವೆನ್ನುವ ಧೈರ್ಯ ನಮ್ಮವರಲ್ಲಿ ಯಾರಿಗಿದೆ? ಫೋನ್ ಇಟ್ಟಾಗ ನಮ್ಮೆಜಮಾನ್ರ ಮುಖ ಬಿಳಿಚಿತ್ತು. “ಗೊತ್ತಾದ್ರೆ ಸೀದಾ ಪ್ಲೇನ್ ಹತ್ತಿಸ್ತಾರೆ ಕಣೇ” ಅಂದರು. ನನಗೂ ಅದೇ ಭಯ.

ಶನಿವಾರ ಮಧ್ಯಾಹ್ನ ಇಬ್ಬರೂ ಬಂದರು. ಅವಳಿಗೆ ಕುಂಕುಮ ಇಡುವಾಗ ಮೂಗಿನ ಮೇಲೆಲ್ಲ ಉದುರಿಸಿದೆ. “ಒಳಗೆ ಉಸಲಿ ಇದೆ, ತಗೊಂಬಾಮ್ಮ” ಎಂದು ಅಡುಗೆಮನೆಗೆ ಕಳಿಸಿದೆ. ಅಲ್ಲಿ ಹಿತ್ತಲ ಬಾಗಿಲಲ್ಲಿ ಟೀಚರ್ ನಿಂತಿದ್ದರು.

“ಏನ್ರೀ ಇದು, ಶೆಟ್ಟರ ಅಂಗಡಿ ಇಡೋ ಜಾಗದಲ್ಲಿ ಲಾಯರುಗಳನ್ನ ಇಟ್ಟಿದ್ದೀರಾ!” ಓನರ್ ಹೆಂಡತಿ ನಕ್ಕರು.

ಕಥೆ ಶುರು ಮಾಡಿದೆ. ಅವರನ್ನು ಅಲ್ಲೇ ನಿಲ್ಲಿಸಬೇಕಿತ್ತಲ್ಲ. ಇವರು ಮೊದಲು ನ್ಯೂಯಾರ್ಕಿನ ಗವರ್ನರ್ ಮೇಡಂ. ಗುಲಾಮನೊಬ್ಬನಿಗೆ ನೆರವಾದ ನಾವಿಕರನ್ನ ಒಪ್ಪಿಸಿ ಅಂತ ಇನ್ನೊಂದು ರಾಜ್ಯ ಕೇಳಿದ್ರೆ ಒಲ್ಲೆ ಅಂದವರು. ಆಮೇಲೆ ಸೆನೆಟ್. ಪ್ರೆಸಿಡೆಂಟ್ ಆಗೋರು ಇವರೇ ಅಂತ ಎಲ್ಲರೂ ಅಂದ್ಕೊಂಡಿದ್ರೆ ಪಾರ್ಟಿ ಬೇರೆಯವರನ್ನ ಆರಿಸ್ತು. ಆ ಗೆದ್ದವರ ಕೈಕೆಳಗೇ ಮಂತ್ರಿಯಾದ್ರು...

“ಈ ಕೆಳಗಿನ ಮೆಟ್ಟಿಲಲ್ಲಿರೋ ಅಡುಗೆಮನೆ ಯಾರದು?”

ಓಡಿಬಂದ ಗುಲಾಮರನ್ನು ಅವರೂ ಹೆಂಡತಿಯೂ ಬಚ್ಚಿಡುತ್ತಿದ್ದ ಜಾಗ ಅದು. “ಅವರ ಮನೇದೇ... ಊಟ ಚೆನ್ನಾಗಿರ್ತಿತ್ತಂತೆ” ಅಂದೆ.

ಆಗ ಗರ್‌ರ್... ನಿಂತಿತು.

ಅವರು ಕಿಟಕಿಯತ್ತ ತಿರುಗಿದರು. “ಏನದು?”

“ಟೀಚರ್ ಶಾಪಿಂಗ್ ಹೊರಟಿರ್ಬೇಕು. ಕೇಳಿ ಮೇಡಂ, ಯುದ್ಧ ಮುಗೀತಾ ಬಂದಾಗ ಮಂತ್ರಿಗಳು ಕಾಯಿಲೆ ಮಲಗಿದ್ರು. ಒಬ್ಬ ನುಗ್ಗಿ, ಹಾಸಿಗೆ ಮೇಲೇ ಚಾಕು ಹಾಕ್ದ!”

“ಅಯ್ಯೋ! ಸತ್ತೋದ್ರಾ?”

ಗರ್‌ರ್... ಬಾಗಿಲು ಪೂರ್ತಿ ಎದ್ದಿತು. ಕಾರು ಹೊರಟಿತು.

“ಇಲ್ಲ ಮೇಡಂ, ಬದುಕಿಕೊಂಡ್ರು” ಅಂದೆ. ಸೋಫಾದ ಮೇಲೆ ಕೂತುಬಿಟ್ಟೆ.

ಆಮೇಲೆ ಹುಡುಕಾಟ, ಕೂಗಾಟ. ಉಸಲಿ ತರಲು ಹೋದವಳು ಎಲ್ಲಿ ಹೋದಳೋ ನಾನೇನು ಬಲ್ಲೆ, ಅಂದೆ. ಪೊಲೀಸರಿಗೆ ದೂರು ಕೊಟ್ಟರೆ ಓನರೇ ಸಿಕ್ಕಿಬೀಳುವವರು, ಕೊಡಲಿಲ್ಲ. ಅದು ನಮಗೆ ಆಗ ಹೊಳೆಯಲಿಲ್ಲ. ನಮ್ಮೆಜಮಾನ್ರಿಗೆ ಬೇರೆ ಕೆಲಸ ಸಿಗುವ ತನಕ ಫೋನ್ ರಿಂಗಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವಳು ಊರು ಸೇರಿದಳೆಂದು ಟೀಚರ್ ಹೇಳಿದರು. ನಾನು ಮತ್ತೆ ಅವಳನ್ನು ನೋಡಲಿಲ್ಲ.

ಟೀಚರ್ ತೀರಿಹೋಗಿ ಎರಡು ಚಳಿಗಾಲ ಕಳೆಯಿತು. ಮರೆವು ಬಂದು ನರ್ಸಿಂಗ್ ಹೋಮ್ ಸೇರಿದ್ದರು. ಕಡೇ ಸಲ ನೋಡಲು ಹೋದಾಗ ನನ್ನ ಗುರುತು ಹತ್ತಲಿಲ್ಲ. ಕಾರಿಡಾರಿನಲ್ಲಿ ಯಾರದೋ ಬೂಟಿನ ಸದ್ದು ಕೇಳಿತು. ಅವರು ಗಾಬರಿಯಿಂದ ನನ್ನ ಕೈ ಹಿಡಿದೆಳೆದು, ಬಾಗಿಲ ಕಡೆಯಿಂದ ಕಾಣದ ಹಾಗೆ ಕರ್ಟನ್ ಹಿಂದೆ ಕೂರಿಸಿದರು. ತುಟಿ ಮೇಲೆ ಬೆರಳಿಟ್ಟು, “ಹೆದರಬೇಡ ಮಗಳೇ, ನಾನಿಲ್ಲಿ ಇರೋವರೆಗೂ ನಿನ್ನನ್ನು ಯಾರೂ ಕರೆದೊಯ್ಯಲ್ಲ” ಅಂತ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

ನಾನು ಉಸಿರು ಬಿಗಿಹಿಡಿದು ಅಲ್ಲೇ ಕೂತಿದ್ದೆ... ಸದ್ದು ದೂರ ಹೋಗುವ ತನಕ ಅವರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.