ಹೆಬ್ಬಾವಿನ ಪೆಟ್ಟಿಗೆಗೆ ನಾಲ್ಕು ಸ್ಕ್ರೂ

ನ್ಯೂಜಿಲೆಂಡಿನಲ್ಲಿ ಹಾವಿಲ್ಲ. ಕಾಡಿನಲ್ಲಿಲ್ಲ, ಹೊಲದಲ್ಲಿಲ್ಲ, ಮೃಗಾಲಯದಲ್ಲೂ ಇಲ್ಲ. ಸಾಕುವುದಂತೂ ಅಪರಾಧ. ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ನಾನು ಹಿತ್ತಲಲ್ಲಿ ಬಿದ್ದ ನೀರಿನ ಪೈಪನ್ನು ಒಮ್ಮೆ ನಿಂತು ನೋಡಿಯೇ ದಾಟುತ್ತೇನೆ. ಹೆಂಡತಿ ನಗುತ್ತಾಳೆ.

ಹಾಗಿರುವಾಗ, ರಿಕ್ಕರ್ಟನ್ ಬಡಾವಣೆಯ ನಮ್ಮ ಪಕ್ಕದ ಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ನನ್ನ ತೋಳಿನಷ್ಟು ದಪ್ಪದ ಹೆಬ್ಬಾವು ಸುರುಳಿ ಸುತ್ತಿ ಮಲಗಿದ್ದನ್ನು ಕಂಡರೆ ಏನನ್ನಬೇಕು? ನಾನು ಹೋಗಿದ್ದು ಏಣಿ ವಾಪಸು ಕೊಡಲು. ಪಕ್ಕದ ಮನೆಯವನು ಇಲ್ಲಿಯವನೇ, ಪ್ಲಂಬರ್, ಒಳ್ಳೆಯ ಮನುಷ್ಯ. ಬಹಳ ದಿನದಿಂದ ಯಾರಿಗಾದರೂ ತೋರಿಸಬೇಕೆಂದು ಒದ್ದಾಡುತ್ತಿದ್ದನೋ ಏನೋ, ಹಿಂದಿನ ಕೋಣೆಗೆ ಕರೆದೊಯ್ದು ತೋರಿಸಿಬಿಟ್ಟ. ಪೆನ್ಸಿಲಿನಷ್ಟಿದ್ದಾಗಿನಿಂದ ಸಾಕಿದ್ದಂತೆ. ಈ ದೇಶಕ್ಕೆ ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ವಿಷ ಇಲ್ಲ. ನಾಯಿಗಿಂತ ಸಾಧು. ಯಾರಿಗೂ ಹೇಳ್ಬೇಡ, ಮೇಟ್" ಎಂದ.

ಅವನ ಒಂಬತ್ತು ತಿಂಗಳ ಮಗಳು ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದಳು. ನಾವು ಮಾತಾಡುತ್ತಿದ್ದಾಗಲೇ ಹೊಸಿಲು ದಾಟಿ ಬಂದು ಪೆಟ್ಟಿಗೆಯ ಗಾಜಿಗೆ ಅಂಗೈ ಒತ್ತಿ ನಕ್ಕಳು. ಆಗ ನಾನು ಹೇಳಿದ್ದೇನು ಗೊತ್ತೇ? "ಈ ಪೆಟ್ಟಿಗೆಯ ಸ್ಟ್ಯಾಂಡನ್ನು ಗೋಡೆಗೆ ಬಿಗಿದಿಲ್ಲವಲ್ಲ!"

ಕಟ್ಟಡಗಳು ಭೂಕಂಪವನ್ನು ತಡೆದುಕೊಳ್ಳುತ್ತವೆಯೇ ಎಂದು ನೋಡುವ ಎಂಜಿನಿಯರ್ ನಾನು. ಈ ಊರಿನಲ್ಲಿ ಪುಸ್ತಕದ ಕಪಾಟನ್ನೂ ಗೋಡೆಗೆ ಬಿಗಿಯುತ್ತಾರೆ. ಮನೆಯೊಳಗೆ ಹೆಬ್ಬಾವಿದೆ, ಕೂಸಿದೆ, ನನ್ನ ಕಣ್ಣಿಗೆ ಬಿದ್ದದ್ದು ಸ್ಟ್ಯಾಂಡು.

ಮನೆಗೆ ಬಂದು ಕೂತ ಮೇಲೆ ತಲೆ ಕೆಟ್ಟುಹೋಯಿತು. ಸರಕಾರದವರಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಆದರೆ ಅವರು ಬಂದರೆ ಹಾವನ್ನು ಕೊಲ್ಲುತ್ತಾರೆ. ಇಲ್ಲಿ ಅದನ್ನು ಬಿಡಲು ಬೇರೆ ಜಾಗವೇ ಇಲ್ಲ. ನನ್ನ ಹೆಂಡತಿ ಆಗ ಆರು ತಿಂಗಳ ಬಸುರಿ. ಎಂಟು ವರ್ಷ ಕಾದ ಮೇಲೆ, ಅಮ್ಮ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದ ಮೇಲೆ ನಿಂತ ಬಸಿರು. ಹೆಂಡತಿ ಬಸುರಿಯಾದಾಗ ಗಂಡ ಹಾವಿನ ಮೇಲೆ ಕೈ ಮಾಡಬಾರದು ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಇಲ್ಲ ಎಂದೇ ಎಲ್ಲರಿಗೂ ಹೇಳುತ್ತೇನೆ. ಆದರೂ ಮೈಸೂರಿಗೆ ಫೋನ್ ಮಾಡಿ, ಸುತ್ತಿ ಬಳಸಿ ಅಮ್ಮನನ್ನು ಕೇಳಿದೆ.

"ಹಾವಾ? ಅಲ್ಲಿ ಹಾವೇ ಇಲ್ಲ ಅಂತಿದ್ಯಲ್ಲೋ!"

"ಸುಮ್ನೆ ಕೇಳ್ದೆ ಕಣಮ್ಮ."

"ಸುಮ್ನೆ ಯಾರಾದ್ರೂ ಇಂಥದ್ದು ಕೇಳ್ತಾರಾ? ನೋಡು, ನೀನು ಹೊಡೀಬೇಡ. ಹೊಡಿಯೋರಿಗೆ ತೋರಿಸ್ಲೂಬೇಡ. ಮಗು ಹುಟ್ಟೋವರ್ಗೂ ಕೈ ಮುಗಿದು ದೂರ ಇರು."

ದೂರ ಇರಬೇಕಾದವನು ಮುಂದಿನ ಶನಿವಾರ ಡ್ರಿಲ್ ಹಿಡಿದು ಪಕ್ಕದ ಮನೆಗೆ ಹೋದೆ. ಸ್ಟ್ಯಾಂಡನ್ನೂ ಪೆಟ್ಟಿಗೆಯನ್ನೂ ನಾಲ್ಕು ಸ್ಕ್ರೂ ಹಾಕಿ ಗೋಡೆಗೆ ಬಿಗಿದೆ. ಪೆಟ್ಟಿಗೆಯ ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ. ಅಷ್ಟರಲ್ಲಿ ದೊಡ್ಡ ಹಾವು ಸಾಕುವ ಬಗ್ಗೆ ಓದಿ ಅರ್ಧ ಪಂಡಿತನಾಗಿದ್ದೆ. ಆಹಾರ ಹಾಕುವಾಗ ದೊಡ್ಡವರು ಇಬ್ಬರಿರಬೇಕು. ಇಲಿ ಮುಟ್ಟಿದ ಕೈ ತೊಳೆಯದೆ ಹಾವನ್ನು ಮುಟ್ಟಬಾರದು, ಕೈಯನ್ನೇ ಊಟವೆಂದುಕೊಳ್ಳುತ್ತದೆ. ಮಗುವಿರುವ ಮನೆಯಲ್ಲಿ ಒಂದು ಕ್ಷಣವೂ ಹೊರಗೆ ಬಿಡಬಾರದು. ಎಲ್ಲವನ್ನೂ ಅವನಿಗೆ ಒಪ್ಪಿಸಿದೆ. ಅವನು ತಲೆಯಾಡಿಸಿ ಕಾಫಿ ಕೊಟ್ಟ. ಕೂಸಿಗೂ ಅಪಾಯವಿಲ್ಲ, ಹಾವಿಗೂ ಇಲ್ಲ, ನನ್ನ ಮಗುವಿಗೂ ಇಲ್ಲ ಎಂದು ಬೀಗುತ್ತಾ ಬಂದೆ. ಅಪರಾಧದಲ್ಲಿ ನಾನೂ ಪಾಲುದಾರನಾದೆ ಎಂಬುದು ಹೊಳೆದದ್ದು ರಾತ್ರಿ ಊಟ ಮಾಡುವಾಗ. ಹೆಂಡತಿಗೆ ಏನೂ ಹೇಳಲಿಲ್ಲ.

ಮೂರು ವಾರದ ನಂತರ ಒಂದು ಭಾನುವಾರ ಮಧ್ಯಾಹ್ನ ಅವನು ನಮ್ಮ ಬಾಗಿಲು ಬಡಿದ. ಹೆಂಡತಿ ಗೆಳತಿಯ ಮನೆಗೆ ಹೋಗಿದ್ದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಪೆಟ್ಟಿಗೆ ತೊಳೆಯುತ್ತಿದ್ದವನು ಫೋನ್ ಬಂತೆಂದು ಹೊರಗೆ ಹೋಗಿದ್ದನಂತೆ, ಅದರ ಬಾಗಿಲು ಹಾಕಲು ಮರೆತನಂತೆ. ಹೋಗಿ ನೋಡಿದರೆ ನನ್ನ ನಾಲ್ಕು ಸ್ಕ್ರೂ ಅಲುಗಾಡದೆ ಇದ್ದವು. ಬೀಗ ಕೊಂಡಿಯಲ್ಲಿ ನೇತಾಡುತ್ತಿತ್ತು, ಪೆಟ್ಟಿಗೆ ಖಾಲಿ.

ಅವನ ಹೆಂಡತಿ ಮಗುವನ್ನೆತ್ತಿಕೊಂಡು ಅಡುಗೆಮನೆಯ ನಡುವೆ ನಿಂತಿದ್ದಳು. ನಾವಿಬ್ಬರೂ ವಾಷಿಂಗ್ ಮೆಷಿನ್ನಿನ ಹಿಂದೆ, ಸೋಫಾದ ಕೆಳಗೆ, ಬಿಸಿನೀರಿನ ಹಂಡೆಯ ಕಪಾಟಿನಲ್ಲಿ ಹುಡುಕಿದೆವು. ಕೊನೆಗೆ ಮಗುವಿನ ಕೋಣೆ. ಕಿಟಕಿಯ ಪಕ್ಕ, ಬಿಸಿಲು ಬೀಳುವ ಕಡೆ, ಸುತ್ತ ಕಂಬಿಯಿದ್ದ ಮಗುವಿನ ಮಂಚ. ಅದರಲ್ಲಿ ಹಳದಿ ಹೊದಿಕೆ ಉಬ್ಬಿಕೊಂಡು, ನಿಧಾನವಾಗಿ ಉಸಿರಾಡುತ್ತಿತ್ತು. ಮಗು ಮಲಗಿದೆ ಎಂದುಕೊಂಡೆ. ಮಗು ಅಡುಗೆಮನೆಯಲ್ಲಿದೆ ಎಂದು ನೆನಪಾಗಲು ಒಂದು ಕ್ಷಣ ಬೇಕಾಯಿತು.

ಅವನು ಹೊದಿಕೆ ಸರಿಸಿ ಎರಡೂ ಕೈಯಲ್ಲಿ ಹಾವನ್ನು ಎತ್ತಿಕೊಂಡ. "ಬೆಚ್ಚಗಿದೆ ಅಂತ ಬಂದಿದೆ, ಅಷ್ಟೇ" ಎಂದು ನಗಲು ಹೋದ. ಆಗಲಿಲ್ಲ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಒಂದು ಗಂಟೆ ಮುಂಚೆ ಕೂಸನ್ನು ಅಲ್ಲೇ ಮಲಗಿಸಿದ್ದಳಂತೆ. ಅದು ನಿದ್ದೆ ಮಾಡದೆ ಹಟ ಹಿಡಿದು ಅತ್ತದ್ದರಿಂದ ಎತ್ತಿಕೊಂಡಿದ್ದಳು.

ಸೋಮವಾರ ಮಾಲ್‌ನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಸರಕಾರದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು, ಅದು ಹಾವೇ ಎಂದು ಖಾತ್ರಿ ಇದೆಯೇ ಎಂದು ಮೂರು ಸಲ ಕೇಳಿದಳು. ನಾನು ಹುಟ್ಟಿದ್ದು ಮೈಸೂರಿನಲ್ಲಿ ತಾಯಿ, ಹಾವು ಅಂದರೆ ಹಾವೇ ಎಂದು ಕಿರುಚಬೇಕೆನ್ನಿಸಿತು. ಬುಧವಾರ, ನನ್ನ ಹೆಂಡತಿ ಆಫೀಸಿನಲ್ಲಿದ್ದಾಗ, ಅವರು ಬಂದು ಹಾವನ್ನು ತೆಗೆದುಕೊಂಡು ಹೋದರು. ಏನು ಮಾಡಿದರೆಂದು ನಾನು ಯಾರನ್ನೂ ಕೇಳಲಿಲ್ಲ.

ಆಮೇಲಿನ ಎರಡು ತಿಂಗಳು ನಾನು ಹೇಗಿದ್ದೆನೋ ನನಗೇ ತಿಳಿಯದು. ಮಾಡಿದ್ದು ಸರಿ ಎಂದು ಬೆಳಿಗ್ಗೆ ಅನ್ನಿಸಿದರೆ ಸಂಜೆಗೆ ಅಮ್ಮನ ಮಾತು ಕೇಳಿಸುತ್ತಿತ್ತು. ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ ಎಂದಾಗ, ನಂಬಿಕೆ ಇಲ್ಲದ ನಾನು ಕಾರಿಡಾರಿನಲ್ಲಿ ನಿಂತು ಕೈ ಮುಗಿದೆ. ಯಾರಿಗೆ? ಸುಬ್ರಹ್ಮಣ್ಯನಿಗೋ, ಆ ಹಾವಿಗೋ?

ಮಗಳು ಹುಟ್ಟಿದಳು. ಆರೋಗ್ಯವಾಗಿದ್ದಳು. ಮೂರನೆಯ ವಾರ ಪಕ್ಕದ ಮನೆಯವನು ಬಾಗಿಲು ತಟ್ಟಿದ. ಅವನು ಹೊತ್ತು ತಂದಿದ್ದು ಅದೇ ಮಂಚ, ಬಿಡಿಬಿಡಿಯಾಗಿ ಕಳಚಿ ಹಗ್ಗ ಕಟ್ಟಿತ್ತು.

"ಆವತ್ತಿನಿಂದ ನನ್ನ ಹೆಂಡತಿ ಮಗುವನ್ನ ಇದರಲ್ಲಿ ಮಲಗಿಸ್ತಾ ಇಲ್ಲ" ಎಂದು ಮೆಲ್ಲಗೆ ಹೇಳಿದ. "ಗಟ್ಟಿ ಮರ. ನಿಮಗಾದ್ರೂ ಉಪಯೋಗಕ್ಕೆ ಬರಲಿ. ಆವತ್ತು ನನ್ನ ಜೊತೆ ಹುಡುಕಿದ್ದು ನೀನೊಬ್ಬನೇ."

ನಾನು ಹಗ್ಗದ ಗಂಟನ್ನು ಮುಟ್ಟಿ ನೋಡಿದೆ.

"ಯಾರೋ ಹೇಳಿಬಿಟ್ಟಿದ್ದಾರೆ, ಮೇಟ್. ಸಿಕ್ಕಿದರೆ ಹಲ್ಲು ಉದುರಿಸಬೇಕೋ ಕೈ ಕುಲುಕಬೇಕೋ, ನನಗೇ ಗೊತ್ತಾಗ್ತಿಲ್ಲ."

ನನ್ನ ಹಲ್ಲು, ನನ್ನ ಕೈ ಎರಡೂ ಅವನ ಎದುರಿಗೇ ಇದ್ದವು. ಹೇಳಲು ಬಾಯಿ ತೆರೆದೆ. ಒಳಗಿನಿಂದ ಹೆಂಡತಿ ಕೂಗಿದಳು: "ರೀ, ಏನ್ ಹಾಗ್ ನಿಂತಿದೀರಾ? ಪಾಪ, ಅಷ್ಟು ಪ್ರೀತಿಯಿಂದ ತಂದಿದಾರೆ, ಒಳಗ್ ತಗೊಳ್ರಿ. ಥ್ಯಾಂಕ್ಸ್ ಹೇಳಿ!"

ಥ್ಯಾಂಕ್ಸ್ ಹೇಳಿದೆ. ಮಂಚವನ್ನು ಜೋಡಿಸಿ ಸ್ಕ್ರೂಗಳನ್ನೆಲ್ಲ ಎರಡೆರಡು ಸಲ ಬಿಗಿದೆ. ಮಗಳು ಈಗ ಅದರಲ್ಲೇ ಮಲಗುತ್ತಾಳೆ. ಮಲಗಿಸುವ ಮುಂಚೆ ಪ್ರತಿ ಸಲ ನಾನು ಹೊದಿಕೆ ಎತ್ತಿ, ಕೊಡವಿ, ಹಾಸಿಗೆಯ ಕೆಳಗೂ ಕೈ ಹಾಕಿ ನೋಡುತ್ತೇನೆ.

"ಹಾವೇ ಇಲ್ಲದ ದೇಶದಲ್ಲಿ ಏನ್ರೀ ಹುಡುಕ್ತೀರಾ ದಿನಾ?" ಎಂದು ಹೆಂಡತಿ ನಗುತ್ತಾಳೆ.